ತರಿ

ಹೆಬ್ಬೆರಳಿನ ಉಗುರಿನಷ್ಟು ಪರದೆ.
ಅದರೊಳಗೆ ವಾರ್ತೆ ಓದುವವಳ ತುಟಿ
ಸಾಸಿವೆ ಸಿಡಿದ ಹಾಗೆ ಅಲ್ಲಾಡುತ್ತದೆ.
ಬೆಂಕಿಪೊಟ್ಟಣದಷ್ಟು ತೇಗದ ಪೆಟ್ಟಿಗೆ,
ಎಳೆದು ಮುಚ್ಚುವ ಶಟರು ಸಮೇತ,
ನಾಲ್ಕು ಕಾಲು, ಎರಡು ನಾಬು. ನಾಬು ತಿರುಗಬೇಕು,
ತಿರುಗಿದರೆ ಟಿಕ್ ಅನ್ನಬೇಕು.
ಸಂಗ್ರಹ ಮಾಡುವವರ ಕಾನೂನು ಒಂದೇ:
ಓಡದಿದ್ದರೆ ಬೊಂಬೆ, ಓಡಿದರೆ ಟೀವಿ.

ವಿರಾಜಪೇಟೆ, ಗಡಿಯಾರ ಕಂಬದಿಂದ ಇಳಿದರೆ
ಬೇಕರಿ ಪಕ್ಕ ಮೂರು ಮೆಟ್ಟಿಲು, ನನ್ನ ಅಂಗಡಿ.
ಬಾಪ್ಪ ಇದ್ದಾಗ ಇಲ್ಲಿ ಪಿಕ್ಚರ್ ಟ್ಯೂಬುಗಳು
ಕುಂಬಳಕಾಯಿಯಂತೆ ಗೋಡೆಗೆ ಒರಗಿದ್ದವು.
ಈಗ ಎಲ್ಲರ ಟೀವಿಯೂ ಮೊಳೆಗೆ ತೂಗಿದ ಕ್ಯಾಲೆಂಡರು,
ಕೆಟ್ಟರೆ ಎಸೆಯುತ್ತಾರೆ. ನಾನು ಚಿಕ್ಕದಕ್ಕೆ ಇಳಿದೆ.
ಪುಣೆಗೆ ಹನ್ನೊಂದು ಕಳಿಸಿದ್ದೇನೆ, ಕೊಚ್ಚಿಗೆ ಆರು,
ಹತ್ತಿಯಲ್ಲಿ ಸುತ್ತಿ, ಏಲಕ್ಕಿ ಡಬ್ಬಿಯಲ್ಲಿಟ್ಟು.
ಕೊಚ್ಚಿಯವರು ಬರೆದರು: ವಾರ್ತೆಗೆ ಏಲಕ್ಕಿ ವಾಸನೆ.

ಪೆಮ್ಮಯ್ಯ ಬಂದದ್ದು ಕೈಲ್‌ಪೊಳ್ದ್ ಕಳೆದ ವಾರ.
ಬೆಟ್ಟದ ಮೇಲಿನ ಮರುಪ್ರಸಾರ ಕೇಂದ್ರದಲ್ಲಿ
ಇಪ್ಪತ್ತೆಂಟು ವರ್ಷ ಇಂಜಿನಿಯರು.
ಹಾಕಿ ಕಪ್ಪುಗಳ ಕಪಾಟು ಖಾಲಿ ಮಾಡಿಸಿ
ನಲವತ್ತಮೂರು ಟೀವಿ ಜೋಡಿಸಿದ್ದಾರೆ;
ಕಪ್ಪುಗಳಲ್ಲಿ ಹೆಂಡತಿ ಕರಿಮೆಣಸು ತುಂಬಿಟ್ಟಿದ್ದಾರಂತೆ.

'ನಬೀಸಾ, ಒಂದು ಬೇಕು. ಅದರಲ್ಲಿ ಏನೂ ಬರಬಾರದು.'
'ಹಾಗಾದರೆ ಬೊಂಬೆ ತಗೊಳ್ಳಿ.'
'ಬೊಂಬೆಯಲ್ಲ. ಓಡಬೇಕು. ಓಡುತ್ತಾ ಏನೂ ಬರಬಾರದು.
ತರಿ ಬರಬೇಕು.'

ತರಿ. ಕಡುಂಬುಟ್ಟಿಗೆಂದು ಅವರ ಮನೆಯಲ್ಲಿ ಒಡೆಯುವ ಅಕ್ಕಿ.
ನಮ್ಮಲ್ಲಿ ಪತ್ತಿರಿಯ ಹಿಟ್ಟು ಜರಡಿ ಹಿಡಿದಾಗ
ಮೇಲೆ ಉಳಿಯುವುದು, ಕೋಳಿಗೆ ಹಾಕುವುದು.

'ಟವರು ಬರುವ ಮೊದಲು ಅಮ್ಮತ್ತಿ ಕಡೆ ನಮ್ಮ ಊರಿಗೆ
ಒಂದೇ ಟೀವಿ, ದೊಡ್ಡಪ್ಪನದು.
ಆಂಟೆನಾ ಹಿಡಿದು ಹೆಂಚಿನ ಮೇಲೆ ನಾನು.
ಕೆಳಗೆ ಮೂವತ್ತು ಜನ. ಬಂತು! ಹೋಯ್ತು! ಎಡಕ್ಕೆ!
ಬರೀ ತರಿ. ಆದರೂ ಯಾರೂ ಎದ್ದು ಹೋಗುತ್ತಿರಲಿಲ್ಲ.
ನಾನೊಬ್ಬ ನೋಡಲಿಲ್ಲ ನಬೀಸಾ, ನಾನು ಮಾಡಿನ ಮೇಲಿದ್ದೆ.
ಆಮೇಲೆ ಸಿಕ್ಕ ಕೆಲಸವೂ
ತರಿ ಬಾರದಂತೆ ಕಾಯುವುದು.'

ಈಗಿನ ಚಿಪ್ಪಿಗೆ ತರಿ ಗೊತ್ತಿಲ್ಲ.
ಏನೂ ಸಿಗದಿದ್ದರೆ ನೀಲಿ ಬಳಿದುಕೊಂಡು ಸುಮ್ಮನಾಗುತ್ತದೆ,
ಮರ್ಯಾದಸ್ಥರ ಮನೆಯ ಹಾಗೆ.
ರೆಕಾರ್ಡು ಮಾಡಿದ್ದನ್ನು ಹಾಕಿ ತೋರಿಸಿದೆ.
ಭೂತಗನ್ನಡಿ ಹಿಡಿದು ಎರಡು ನಿಮಿಷ ನೋಡಿದರು.
'ಈ ಕಾಳು ಆಗಲೇ ಬಿದ್ದಿತ್ತು.'

ಬಾಪ್ಪನ ನೋಟ್‌ಬುಕ್ಕಿನಲ್ಲಿ, ಪೆನ್ಸಿಲ್ಲಿನಲ್ಲಿ, ಮಲಯಾಳದಲ್ಲಿ:
ಟ್ರಾನ್ಸಿಸ್ಟರನ್ನು ಉಲ್ಟಾ ಬೆಸೆದರೆ ಗೊಣಗುತ್ತದೆ.
ಬೆಸೆಯಬೇಡ.
ಬೆಸೆದೆ.
ಗೊಣಗಿತು. ಗೊಣಗಿದ್ದನ್ನು ಹಿಗ್ಗಿಸಿ ಪರದೆಗೆ ಬಿಟ್ಟೆ.
ಉಗುರಿನಷ್ಟು ಗಾಜಿನೊಳಗೆ ಯಾರೋ ಕೇರುತ್ತಿದ್ದ ಹಾಗೆ,
ಒಂದು ಕಾಳೂ ಎರಡನೇ ಸಲ ಬೀಳದ ಹಾಗೆ.
ರಾತ್ರಿ ಒಂಬತ್ತಾದರೂ ಬಾಗಿಲು ಎಳೆದಿರಲಿಲ್ಲ ನಾನು.

ಕೊಂಡುಹೋಗುವ ದಿನ ಅವರು ಚೌಕಾಸಿ ಮಾಡಲಿಲ್ಲ,
ಸ್ಟೂಲು ಎಳೆದು ಅಲ್ಲೇ ಕೂತರು.
ಅಂಗಡಿಯಲ್ಲಿ ನಾನು, ಮಿಕ್ಸಿ ರಿಪೇರಿಗೆ ಬಂದ ತಂಗಮ್ಮ,
ಚಿಲ್ಲರೆ ಕೇಳಲು ಬಂದ ಬೇಕರಿ ಹುಡುಗ.
ನಾಲ್ವರೂ ತಲೆಗೆ ತಲೆ ತಾಗಿಸಿ ಬಗ್ಗಿದೆವು.
ಹುಡುಗ ಅಂದ: 'ಇದು ಕೆಟ್ಟಿದೆ.'
ತಂಗಮ್ಮ ಅಂದರು: 'ಶ್, ತಡಿ, ಬರುತ್ತೆ.'

ಯಾರೂ ಎದ್ದು ಹೋಗಲಿಲ್ಲ.
ಪೆಮ್ಮಯ್ಯ ಒಮ್ಮೆ ಕತ್ತೆತ್ತಿ
ಸೂರಿನ ಶೀಟು ನೋಡಿದರು, ಅಲ್ಲಿ ಯಾರೋ ಇರುವ ಹಾಗೆ.
'ಎಡಕ್ಕೆ,' ಅಂದರು, 'ಸ್ವಲ್ಪ ಎಡಕ್ಕೆ.'