ಹದಿನಾಲ್ಕನೆಯ ಪ್ರಶ್ನೆ

‘ನಿಮಗೆ ತಿಳಿಯದ ಭಾಷೆಯ ಧಾರಾವಾಹಿಯನ್ನು ನೋಡಲು ಕಾರಣವೇನು?
ಸರಿಯೆನಿಸಿದ್ದಕ್ಕೆ ಗುರುತು ಹಾಕಿ.’
ಅ, ಆ, ಇ, ಈ. ನಾಲ್ಕು ಚೌಕ.
ಕೊಣಾಜೆಯ ಲೈಬ್ರರಿಯಲ್ಲಿ ಸ್ಕೇಲಿಟ್ಟು ನಾನೇ ಎಳೆದವು.

ಜೆಪ್ಪುವಿನ ಅಪೊಲಿನ್ ಬಾಯಿ ಕಾಗದವನ್ನು
ಎಕ್ಸ್‌ರೇಯ ಹಾಗೆ ಟ್ಯೂಬ್‌ಲೈಟಿಗೆ ಹಿಡಿದರು.
‘ಇದರಲ್ಲಿ ನನ್ನದು ಇಲ್ಲ ಮಾರಾಯ್ತಿ.
ಚಾ ಕುಡಿ. ತೆರ್ಸ್ ಆದ ಮೇಲೆ ಅವರು ಬರ್ತಾರೆ.’

ಅವರೆಂದರೆ ಸಿಯೋಲಿನ ಒಂದು ಮನೆ:
ಸೂಪಿನಂಗಡಿಯ ಮುದುಕಿ, ಅವಳ ಸಿಡುಕು,
ಪರಸ್ಪರ ಮಾತು ಬಿಟ್ಟ ಇಬ್ಬರು ಗಂಡುಮಕ್ಕಳು,
ಗೋಡಂಬಿ ಡಬ್ಬಕ್ಕೆ ಒರಗಿಸಿಟ್ಟ, ಮೂಲೆ ಒಡೆದ ಟ್ಯಾಬಿನೊಳಗೆ.

ನನಗೆ ಮೊದಲು ಕಂಡದ್ದು ಅವರಲ್ಲ.
ಪರದೆಯ ಅಡಿಗೆ, ಈ ತುದಿಯಿಂದ ಆ ತುದಿಗೆ,
ಆಸ್ಪತ್ರೆಯ ಬಿಳಿ ಪ್ಲಾಸ್ಟರು.
ಸೂಜಿ ಚುಚ್ಚಿದ ಕೈಗೆ ಅಂಟಿಸುತ್ತಾರಲ್ಲ, ಅದೇ.
‘ಇದೆಂತಕ್ಕೆ ಬಾಯಮ್ಮ?’
‘ಅಡಿಯಲ್ಲಿ ಇಂಗ್ಲಿಷು ಇರುವೆ ಹೋದ ಹಾಗೆ ಹೋಗ್ತಾ ಇರ್ತದೆ.
ಮುಖ ನೋಡ್ಲಿಕ್ಕೆ ಬಿಡುವುದಿಲ್ಲ.’

ಮೂವತ್ತೊಂದು ವರ್ಷ ಕಂಕನಾಡಿಯ ವಾರ್ಡಿನಲ್ಲಿ ಆಯಾ.
ಕಾಸರಗೋಡಿನ ಮಲಯಾಳ, ಭಟ್ಕಳದ ನವಾಯತಿ,
ಮತ್ತೆ ಒಮ್ಮೆ, ಪಣಂಬೂರಿನಲ್ಲಿ ಹಡಗು ಇಳಿಸಿ ಹೋದ
ಜ್ವರದ ನಾವಿಕನೊಬ್ಬನ ಯಾವುದೋ ಒಂದು.
ಆರು ದಿನ ಅವನು ಹೇಳಿದ್ದು ಒಂದೇ ಪದ.
ಎಲ್ಲರೂ ನೀರು ಕೊಟ್ಟರು.
ಅವನ ಕೈ ಮಂಚದ ಕೆಳಗೆ ತಡವುವುದನ್ನು ಕಂಡು
ಬಾಯಮ್ಮನಿಗೆ ಗೊತ್ತಾಯಿತು:
ಅದು ನೀರಲ್ಲ, ನಾಯಿಯ ಹೆಸರು.

ಇಷ್ಟರಲ್ಲಿ ಊರು ನನ್ನ ಪ್ರಬಂಧವನ್ನು ದಾಟಿ ಹೋಗಿದೆ.
ಸಂಶೋಧನೆಗೆ ಇದೂ ಒಂದು ವಿಷಯವಾ ಎಂದು ಸಮಿತಿಯಲ್ಲಿ ನಕ್ಕವರು
ಲಿಫ್ಟಿನ ಬಳಿ ತಡೆದು, ಸ್ವರ ತಗ್ಗಿಸಿ,
ತುರ್ಕಿಯದ್ದು ಒಳ್ಳೆಯದು ಯಾವುದುಂಟು ಎಂದು ಕೇಳಿದರು. ಹೆಂಡತಿಗಂತೆ.
ಬಂದರಿನ ಝುಲೈಖಾ ಇಸ್ತಾಂಬುಲಿನ ಅತ್ತೆಯನ್ನು
ಬ್ಯಾರಿಯಲ್ಲೇ ಬೈದು ಮಲಗುತ್ತಾಳೆ.
ಸ್ಟೇಟ್‌ಬ್ಯಾಂಕ್ ಬಸ್ಸಿನ ಕಂಡಕ್ಟರು ಚಿಲ್ಲರೆ ಎಣಿಸುತ್ತ,
‘ಕೊನೆಗೆ ಅವಳು ಯಾರನ್ನು ಕಟ್ಟಿಕೊಳ್ತಾಳೆ ಅಕ್ಕ?
ಬೇಡ, ಹೇಳ್ಬೇಡಿ.’
ಇದೆಲ್ಲ ಹೇಗೆ ಎಂದರೆ ಗೈಡು
ಹತ್ತು ಪುಸ್ತಕಗಳ ಹೆಸರು ಬರೆದುಕೊಟ್ಟರು. ಓದಿದೆ.
ಮನೆಗೆ ತುಳು, ಪೇಟೆಗೆ ಕೊಂಕಣಿ, ಅರ್ಜಿ ಬರೆಯಲು ಕನ್ನಡ,
ಅರ್ಧ ತಿಳಿದು ಅರ್ಧ ಊಹಿಸಿ ಬದುಕಿದ ಊರು ಇದು.
ಯಾರ ಕೆಳಗೂ ಅಡಿಬರಹ ಓಡಲಿಲ್ಲ,
ಮದುವೆಗಳಾದವು, ಸಾಲಗಳು ತೀರಿದವು.

ಮುದುಕಿ ಕಿರಿಯವನ ಮುಂದೆ ಬಟ್ಟಲು ಕುಕ್ಕಿ ಏನೋ ಒದರಿದಳು.
ನನಗೆ ಬಾಯಿಪಾಠ. ನಾಲ್ಕು ಸಲ ನೋಡಿ
ಸಾಲು ಸಾಲಿಗೆ ಸಂಕೇತ ಹಾಕಿದ್ದೇನೆ:
‘ತೊಲಗು, ಮುಖ ತೋರಿಸಬೇಡ.’
ಪಕ್ಕಕ್ಕೆ ನನ್ನ ಟಿಪ್ಪಣಿ: ತಾಯಿ, ಅಧಿಕಾರ, ತಿರಸ್ಕಾರ.

‘ಇವಳಿಗೆ ಹುಷಾರಿಲ್ಲ,’ ಅಂದರು ಬಾಯಮ್ಮ.
‘ಚಮಚ ಎಡಗೈಗೆ ಬಂತು ನೋಡು. ಮೊನ್ನೆವರೆಗೆ ಬಲಗೈ.
ಮಗನಿಗೆ ಗೊತ್ತಾಗಬಾರದು ಅಂತ ಓಡಿಸುವುದು, ಪಾಪ.’

ಅಡಿಬರಹಕ್ಕೆ ಅದು ತಿಳಿಯುವುದು ಹನ್ನೊಂದನೇ ಕಂತಿನಲ್ಲಿ.
ಇದು ಐದನೆಯದು.
ನಾಲ್ಕು ಸಲ ನೋಡಿದವಳು ನಾನು.
ಚಮಚ ಇತ್ತೆಂದೇ ನೆನಪಿಲ್ಲ.

ಕೊನೆಗೆ ಹಿರಿಯ ಮಗ ಮುಚ್ಚಿದ ಬಟ್ಟಲಲ್ಲಿ ಏನೋ ತಂದ,
ಹಬೆಯಾಡಿತು.
‘ಹುಷಾರಿಲ್ಲದವರಿಗೆ ಅಲ್ಲಿಯೂ ಗಂಜಿಯೇ,’ ಎಂದರು,
ತಾವೇ ಬೇಯಿಸಿ ಕಳಿಸಿದ ಹಾಗೆ.

ಹೊರಡುವಾಗ ಕಾಗದ ಮಡಿಸಿ ಕೈಗಿಟ್ಟರು.
ಬಸ್ಸಿನಲ್ಲಿ ಬಿಡಿಸಿದೆ. ಹದಿಮೂರರವರೆಗೆ ಒಪ್ಪವಾದ ಗುರುತು.
ಹದಿನಾಲ್ಕರ ನಾಲ್ಕೂ ಚೌಕದ ಮೇಲೆ
ಒಂದು ತುಂಡು ಪ್ಲಾಸ್ಟರು,
ಗಾಳಿ ಉಳಿಯದ ಹಾಗೆ ಉಗುರಿನಿಂದ ಉಜ್ಜಿದ್ದು.

ಮಹಾಪ್ರಬಂಧದ ಪುಟ ನೂರ ಐವತ್ತೆರಡು, ಕೋಷ್ಟಕ ಒಂಬತ್ತು:
ಉತ್ತರಿಸದವರು, ಒಬ್ಬರು.