ಇದರ ಜೋಡಿ ಯಾವುದು

ತಿಕೋಟಾದ ಆಚೆ, ಡಾಂಬರು ಮುಗಿಯೂ ಕಡೆ
ತಗಡಿನ ಶೆಡ್ಡು. ಒಳಗ ಉದ್ದಾನ ಟೇಬಲ್ಲು,
ಟೇಬಲ್ಲಿನ ಎರಡೂ ಮಗ್ಗಲಕ್ಕ ನಾವು ಇಪ್ಪತ್ತೆರಡು ಮಂದಿ ಹೆಂಗಸರು,
ನಮ್ಮ ನಡುವ ಮಣೂಕದ ಗುಡ್ಡ,
ಟೇಬಲ್ಲಿನ ಕೆಳಗ ನನ್ನ ಲೀಲಿ.

ಹಸರಂದು ಇತ್ಲಾಗ, ಹಳದೀದು ಅತ್ಲಾಗ,
ಕರೇದು ಬುಟ್ಟಿಗೆ, ಕಡ್ಡಿ ಇದ್ದದ್ದು ತಾಟಿಗೆ.
ಮುಂಜಾನೆ ಎಂಟರಿಂದ ಸಂಜಿ ಐದರ ತನಕ
ನನ್ನ ಬಟ್ಟು ಮಾಡೂದು ಇಷ್ಟ.
ಬಟ್ಟಿಗೇ ಕಣ್ಣು ಬಂದಾವ;
ಇದ್ದ ಕಣ್ಣು ಟೇಬಲ್ಲಿನ ಕೆಳಗ.

ಆಕಿಗೆ ಎರಡೂವರಿ ವರ್ಷ.
ಮೊದಮೊದಲು ಸಿಕ್ಕಿದ್ದೆಲ್ಲ ಬಾಯಿಗೆ.
ಒಂದು ಹಸರು, ಒಂದು ಹಳದಿ, ಒಂದು ಹಳ್ಳು.
ಹಳ್ಳು ಮಾತ್ರ ಥೂ ಅಂತ ಹೊರಗ.
ಅದು ಆಕೀದು ಮೊದಲನೇ ವಿಂಗಡಣಿ:
ತಿನ್ನೂವು, ತಿನ್ನಲಾರದ್ದು.

ಆಮ್ಯಾಲ ಒಂದಿನ ಗೋಣಿಚೀಲದ ಅಂಚಿಗೆ
ಹಸರು, ಕರೇದು, ಹಸರು, ಕರೇದು,
ಇರಿವಿ ಸಾಲಿನಂಗ ಇಟಗೋತ ಹೊಂಟಿದ್ಲು.
ನಾ ಬಗ್ಗಿ, ಬೇಕಂತನ,
ಹಸರಿನ ಮುಂದ ಮತ್ತೊಂದು ಹಸರು ಇಟ್ಟೆ.
ಹುಬ್ಬು ಗಂಟಾತು. "ಊಂಹೂಂ."
ಚಿವುಟಿ ತಗದ್ಲು. ತಗದದ್ದನ್ನ ತಿಂದ್ಲು.
ಹೆಂಗ ಗೊತ್ತಾತ ನಿನಗ, ಅಂದೆ.
ಉತ್ತರ ಇಲ್ಲ. ಬಾಯಿ ತುಂಬೈತಿ.

ಎಣಿಸಾಕ ಬರಂಗಿಲ್ಲ ಆಕಿಗೆ.
ಒಂದು, ಎಲ್ಡು, ಐದು, ಐದು, ಹತ್ತು, ಮುಗೀತು.
ನಾ ಅವಸರ ಮಾಡಂಗಿಲ್ಲ.
ನಾಕನೇ ಕ್ಲಾಸಿನಾಗ ಹದಿಮೂರರ ಮಗ್ಗಿ ತಪ್ಪಿ
ಬಾಗಲ ಮುಂದ ಮೊಣಕಾಲೂರಿದಾಕಿ ನಾನು;
ಲೆಕ್ಕ ಅಂದ್ರ ಇವತ್ತಿಗೂ ಮೊಣಕಾಲು ನೋಯ್ತಾವ.
ಬುತ್ತಿ ಬಿಚ್ಚಿದಾಗ ನಿನಗೊಂದು ತುತ್ತು, ನನಗೊಂದು ತುತ್ತು,
ನಿನಗೊಂದು, ನನಗೊಂದು,
ಕಡೀಕ ಉಳದ ರೊಟ್ಟಿ ಚೂರು ಯಾರದು?
ಇಬ್ಬರೂ ಅದನ್ನ ನೋಡಕೋತ ಕುಂದರತೀವಿ.
ಆಕಿಗೆ ಲೆಕ್ಕ ಅಂದ್ರ ರೊಟ್ಟಿ ನೆಪ್ಪಾಗ್ಲಿ.

ನಿನ್ನೆ ಒಂದು ಗುಡ್ಡಿ ಹಾಕಿದ್ಲು.
ಕರೇದು, ಹಳದೀದು, ಹರದದ್ದು, ಕಡ್ಡಿ,
ಲಾಯವ್ವನ ಕುಪ್ಪಸದ ಗುಂಡಿ, ಎಲ್ಲಾ ಒಂದರಾಗ.
ನಾ ಶಾಣ್ಯಾಕಿ, ಕೈ ಹಾಕಿ ಬಿಡಸಾಕ ಹೋದೆ:
"ಹಿಂಗಲ್ಲವಾ, ಬಣ್ಣ ನೋಡು, ಬಣ್ಣ."
ಚೀರಿದ್ಲು. ಮುಕಾದಮ ರಾಚಯ್ಯ ಸೈತ ತಿರಗಿ ನೋಡಿದ.
ಹಂಗಂದ್ರ ಇವು ಯಾವುವು, ಕೇಳಿದೆ.
"ಬಿದ್ದಾವು," ಅಂದ್ಲು.
"ಎಲ್ಲಾ?"
"ಬಿದ್ದಾವು."
ಖರೆ. ಟೇಬಲ್ಲಿನ ಮ್ಯಾಲಿಂದ ಕೆಳಗ ಬಿದ್ದೂವು ಅವು.
ಬಣ್ಣ ಶೆಡ್ಡಿನ ಮಾಲಕರ ಲೆಕ್ಕ.
ಹಾಕಿದ ಕೈ ವಾಪಸ್ ತಗೊಂಡೆ,
ಕಸ ಹೊಡಿಯಾಕ ಬಂದ ಕಸ್ತೂರಿಗೆ
ಆ ಒಂದು ಮೂಲಿ ಬಿಡು ಅಂದೆ.

ಐದಕ್ಕ ಗಂಟಿ. ಬಾಗಲದಾಗ ಚಪ್ಪಲಿ ರಾಶಿ,
ಲೀಲೀದು ಎರಡನೇ ಪಾಳಿ ಶುರು.
ಇದರ ಜೋಡಿ ಯಾವುದು? ನಾ ಒಂದು ಎತ್ತಿ ಹಿಡೀತೀನಿ.
ಕೆಂಪು ಪಟ್ಟಿಗೆ ಕೆಂಪು ಪಟ್ಟಿ,
ಸವದ ಹಿಮ್ಮಡಕ್ಕ ಸವದ ಹಿಮ್ಮಡ,
ಎರಡೂ ಎಡಗಾಲಿನವು ಬಂದ್ರ ಮಾತ್ರ ಇನ್ನೂ ತಿಳಿಯಂಗಿಲ್ಲ.
ಇವತ್ತು ಹುಸೇನಬೀದು ಒಂದ ಉಳೀತು.
ಇನ್ನೊಂದು ನಾಯಿ ಒಯ್ದಿತ್ತು.
ಅದಕ್ಕ ಜೋಡಿ ಇಲ್ಲವಾ, ಬಿಡು.
ಬಿಡಲಿಲ್ಲ. ಕುಂತು, ತನ್ನ ಕಾಲಿಂದು ಒಂದು ಕಳದು
ಅದರ ಮಗ್ಗಲಕ್ಕ ಇಟ್ಲು.
ದೊಡ್ಡದೊಂದು, ಅಂಗೈಯಷ್ಟೊಂದು.
"ಇರಲಿ ತಗೋ, ನಾಳೆ ಕೊಡ್ತೀನಿ," ಅಂತ
ಹುಸೇನಬಿ ನಗಕೋತ ಬರಿಗಾಲಿಲೆ ಹೊಂಟ್ಲು.

ದಾರಿಯಾಗ ಎತ್ತಿಕೋ ಅನ್ನಲಿಲ್ಲ ಲೀಲಿ.
ಹುಡಿಮಣ್ಣಾಗ ತಿರಗಿ ನೋಡಿದ್ಲು:
ಚಪ್ಪಲಿ ಗುರುತು, ಐದು ಬಟ್ಟು,
ಚಪ್ಪಲಿ ಗುರುತು, ಐದು ಬಟ್ಟು,
ಶೆಡ್ಡಿನ ಬಾಗಲದಿಂದ ತನ್ನ ಕಾಲತನ.
ನಿಂತ್ಲು. ಈಗ ಯಾವ ಕಾಲು ಅಂತ
ಒಂದು ಕಾಲು ಎತ್ತಿ ವಿಚಾರ ಮಾಡಾಕತ್ತಿದ್ಲು.
ಬಸ್ಸು ಹಾರ್ನ್ ಹೊಡೀತು.
ನಾ ನಿಂತೆ.