ಕಿವಿಯ ಹಿಂದಿನ ಬಣ್ಣ

ತಬಸ್ಕಿ ಹಬ್ಬಕ್ಕೆ ಇನ್ನು ಮೂರೇ ದಿನ.
ಡಕಾರಿನ ಮೆದೀನಾ ಓಣಿಯಲ್ಲಿ ಟಗರುಗಳ ಸಾಲು,
ನನ್ನ ಸ್ಟುಡಿಯೋ ಬಾಗಿಲಲ್ಲಿ ಹೆಂಗಸರ ಸಾಲು;
ಸೋಪು ಹಾಕಿ ಮೈ ತಿಕ್ಕಿಸಿಕೊಂಡು
ಎರಡೂ ಮಿರಮಿರ.

ಎಲ್ಲರ ಹಿಂದೆ ನಿಂತವಳು ದಿಬೋರ್ ಫಾಯ್,
ಬಟ್ಟೆ ಅಂಗಡಿಯವಳು, ಐವತ್ತರ ಆಸುಪಾಸು.
ಈ ಸೆಕೆಯಲ್ಲೂ ಕೈಗೆ ಬಿಳಿ ಲೇಸಿನ ಗವಸು.
"ಮುಖ ಹೊಳೀಬೇಕು ಕಣಮ್ಮ" ಅಂದಳು.
ಎಲ್ಲರೂ ಅನ್ನುವುದು ಅದನ್ನೇ.
ಬಾಗಿಲು ಹಾಕಿದ ಮೇಲೆ ದನಿ ತಗ್ಗಿಸಿ:
"ಮೊದಲಿದ್ದ ಹಾಗೆ."

ಮೊದಲು ಅಂದರೆ?

"ಟ್ಯೂಬಿಗೆ ಮೊದಲು."

ಗವಸು ಕಳಚಿದಳು.
ಗೆಣ್ಣು ಗೆಣ್ಣಿನಲ್ಲೂ ಕಪ್ಪು ಉಳಿದಿತ್ತು,
ಹೊರಗೆ ಹಾಕಿದರೂ ಹೊಸ್ತಿಲು ಬಿಡದ ನೆಂಟನ ಹಾಗೆ.
ಕೆನ್ನೆ ಮಾತ್ರ ಹಾಲು ಹೆಚ್ಚಾದ ಚಹ,
ಅದೂ ಅಲ್ಲಲ್ಲಿ ಒಡೆದದ್ದು.
ಇಪ್ಪತ್ತೆರಡು ವರ್ಷ, ತಿಂಗಳಿಗೆ ಎರಡು ಟ್ಯೂಬು;
ಒಟ್ಟು ಎಷ್ಟಾಯಿತೆಂದು ಅವಳಿಗೆ ಬಾಯಿಪಾಠ,
ವ್ಯಾಪಾರದವಳಲ್ಲವೇ.

ಪೌಡರು ಬೇಡ ಅಂದೆ. ನಮ್ಮ ಮೈಮೇಲೆ ಅದು
ಆರಿದ ಒಲೆಯ ಬೂದಿ.
ಕಡಲೆಯಷ್ಟು ಶಿಯಾ ಬೆಣ್ಣೆ, ಅಂಗೈಯಲ್ಲಿ ಕರಗಿಸಿ
ತಿಕ್ಕದೆ, ಬರೀ ಒತ್ತಿದೆ
ಕೆನ್ನೆಯ ಎಲುಬಿಗೆ, ಹುಬ್ಬಿನ ಕೆಳಗೆ,
ತುಟಿಯ ಮೇಲಿನ ಆ ಸಣ್ಣ ಕಾಲುವೆಗೆ.
ಫ್ಲ್ಯಾಶ್ ಆರಿಸಿದೆ. ಕಿಟಕಿಗೆ ತೆಳು ಮಲ್ಲಿನ ಪರದೆ.
ಚಹದ ಪೆಟ್ಟಿಗೆಯ ಬೇಗಡೆ ಅಂಟಿಸಿದ ಹಲಗೆಯನ್ನು
ತಮ್ಮ ಎದೆಮಟ್ಟಕ್ಕೆ ಹಿಡಿದು ನಿಂತ, ಆಕಳಿಸುತ್ತ.
ಈ ಸ್ಟುಡಿಯೋ ಬಿಟ್ಟುಹೋದ ಚಿಕ್ಕಪ್ಪ ಹೇಳುತ್ತಿದ್ದ:
"ನಮ್ಮಂಥ ಮೈಗೆ ಬೆಳಕು ಹೊಡೆಯಬಾರದು ಹುಡುಗಿ,
ಜಾರಬೇಕು.
ಹುಣಸೆಬೀಜ ನೋಡು,
ಬಿಸಿಲನ್ನೆಲ್ಲ ಕುಡಿದು
ಒಂದೇ ಒಂದು ಗೆರೆ ವಾಪಸ್ಸು ಕೊಡುತ್ತೆ."

ರಾತ್ರಿ, ಹೋದ ಕರೆಂಟು ಬಂದ ಮೇಲೆ,
ಕಂಪ್ಯೂಟರಿನಲ್ಲಿ ಅವಳ ಮುಖ, ಬಾಗಿಲಿನಷ್ಟು ದೊಡ್ಡದು.
ಮೊದಲಿದ್ದ ಹಾಗೆ.
ಮೊದಲನ್ನು ಎಲ್ಲಿಂದ ತರಲಿ?
ಅವಳು ಕೊಟ್ಟುಹೋದ ಮದುವೆಯ ಫೋಟೋ ಕಪ್ಪುಬಿಳುಪು.
ಹಿಂದೆ ನಮ್ಮ ಸ್ಟುಡಿಯೋದ ಮುದ್ರೆ.
ಮದುಮಗಳು ಬೆಳ್ಳಗೆ ಕಾಣಲಿ ಎಂದು
ಎರಡು ದೀಪ ಜಾಸ್ತಿ ಉರಿಸಿದ್ದಾನೆ ಚಿಕ್ಕಪ್ಪ:
ಮುಖದ ಜಾಗದಲ್ಲಿ ಒಂದು ತಟ್ಟೆ,
ತಟ್ಟೆಯಲ್ಲಿ ಎರಡು ಕಣ್ಣು.

ಹುಣಸೆಬೀಜದ ಮಾತು ಅವನಿಗೆ
ಯಾವ ವಯಸ್ಸಿನಲ್ಲಿ ಹೊಳೆಯಿತೋ.

ಹನ್ನೊಂದನೆಯ ಚಿತ್ರದಲ್ಲಿ, ಟಗರು ಅರಚಿದ್ದಕ್ಕೆ
ಅವಳು ಕತ್ತು ತಿರುಗಿಸಿದ್ದಳು.
ಕಿವಿಯ ಹಿಂದೆ, ಓಲೆಯ ಕೊಂಡಿಯ ಆಚೆ,
ಕ್ರೀಮಿನ ಬೆರಳು ಮರೆತ ಜಾಗ,
ಹೆಬ್ಬೆಟ್ಟಿನಷ್ಟು.
ಅಲ್ಲಿತ್ತು.
ಅಲ್ಲಿಂದಲೇ ಅದ್ದಿ ಅದ್ದಿ ತೆಗೆದೆ,
ಕೆನ್ನೆಗೆ, ಹಣೆಗೆ, ಗಲ್ಲಕ್ಕೆ ಹರಡಿದೆ,
ಪದರದ ಮೇಲೆ ಪದರ, ಬೆಳಗಿನ ಬಾಂಗಿನವರೆಗೆ.
ಸುಕ್ಕು ಮುಟ್ಟಲಿಲ್ಲ. ರಂಧ್ರಗಳನ್ನು ಅಳಿಸಲಿಲ್ಲ.
ಸಿಡುಬಿನದೋ ಏನೋ ಒಂದು ಗುಳಿ, ಅದೂ ಇರಲಿ;
ನುಣ್ಣಗೆ ಮಾಡಿದರೆ ಬೆಳಕಿಗೆ
ಕೂರಲು ಜಾಗ ಬೇಡವೇ?
ಹೊಳಪನ್ನು ನಾನು ಬರೆಯಲಿಲ್ಲ.
ಬಣ್ಣ ತುಂಬಿದ ಮೇಲೆ ತಾನಾಗಿ ಎದ್ದಿತು,
ಕೆನ್ನೆಯ ಮೇಲೆ, ಒಂದೇ ಗೆರೆ.

ಮರುದಿನ ಬಂದಳು. ನೋಡಿದಳು.
ಹೊರಗೆ ಯಾರೋ ಚೌಕಾಸಿ ಮುಗಿಸಿ, ಹಣ ಎಣಿಸಿ,
ಟಗರು ಎಳೆದುಕೊಂಡು ಹೋದರು;
ಇನ್ನೂ ನೋಡುತ್ತಿದ್ದಳು.

"ಇದು ನಮ್ಮವ್ವ."

ಜೋವಾಲಿನ ದಡದಲ್ಲಿ ಮೀನು ಒಣಗಿಸುತ್ತಿದ್ದವಳು.
ಒಂದು ಫೋಟೋ ಕೂಡ ಇಲ್ಲದೆ ಸತ್ತವಳು.
"ದೊಡ್ಡದು ಮಾಡು, ಕಟ್ಟು ಹಾಕಿಸು,
ಗಾಜು ಬೇಡ" ಅಂದಳು, ಮುಂಗಡ ಇಟ್ಟಳು.
ಆಮೇಲೆ ಸ್ಟೂಲು ಎಳೆದು ಕೂತು,
"ನಂದು ಯಾವಾಗ ತೆಗೀತಿ?"

ಕಿಟಕಿ ನೋಡಿದೆ. ಮಧ್ಯಾಹ್ನ.
"ಈಗ ಬೆಳಕು ಹೊಡೆಯುತ್ತೆ, ಸಂಜೆ ಬಾ" ಅಂದೆ.

ಏಳಲಿಲ್ಲ.
ಗವಸು ಮೇಜಿನ ಮೇಲಿತ್ತು,
ಬರಿಗೈ ಎರಡೂ ಮಡಿಲಲ್ಲಿ.